ಛದದ ಆಟ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರು

ಅರಸರ ಚರಿತ್ರೆಯನ್ನು ಓದುವಾಗ ನಾವು ಯುದ್ಧಗಳ ವರ್ಷಗಳನ್ನೂ ಒಪ್ಪಂದಗಳ ಷರತ್ತುಗಳನ್ನೂ ಬಾಯಿಪಾಠ ಮಾಡುತ್ತೇವೆ. ಅವರು ಬಿಡುವಿನ ವೇಳೆಯನ್ನು ಹೇಗೆ ಕಳೆದರೆಂಬುದು ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲವಾದ್ದರಿಂದ ಅದನ್ನು ಕೇಳುವವರೂ ಇಲ್ಲ. ಆದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯದಲ್ಲಿ ಈ ಪ್ರಶ್ನೆಯನ್ನು ಬಿಟ್ಟುಬಿಟ್ಟರೆ ಅವರ ಬಾಳಿನ ಅರ್ಧಭಾಗವೇ ನಮಗೆ ತಿಳಿಯದೆ ಹೋಗುತ್ತದೆ. ಏಕೆಂದರೆ ಎಪ್ಪತ್ತಮೂರು ವರ್ಷಗಳ ಆಯುಷ್ಯದಲ್ಲಿ ಮೂವತ್ತಾರು ವರ್ಷಗಳಿಗೂ ಹೆಚ್ಚು ಕಾಲ ಅವರು ಆಳುವ ಅಧಿಕಾರವಿಲ್ಲದ ಅರಸರಾಗಿದ್ದರು. ಆ ದೀರ್ಘಕಾಲದಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಒಂದು, ಎಲೆಯಾಟಗಳಿಗೆ ಹೊಸ ರೂಪ ಕೊಟ್ಟದ್ದು.

ನಾನು ದರೋಜಿಯವನು. ದೊಡ್ಡ ಕೆರೆಯಿಂದಲೂ, ಕರಡಿಧಾಮದಿಂದಲೂ, ಬುರ್ರಕಥೆಯ ಈರಮ್ಮನವರಿಂದಲೂ ಹೆಸರಾದ ಊರು ಅದು. ನಮ್ಮ ಸೀಮೆ ಮೈಸೂರು ಅರಸರ ಕಾಲದಲ್ಲಿ ಅವರದಾಗಿರಲಿಲ್ಲ. ೧೮೦೦ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿ, ಮುಂದೆ ಮದರಾಸಿಗೆ ಒಳಪಟ್ಟು, ೧೯೫೩ರ ಅಕ್ಟೋಬರ್ ೧ರಂದು ಮಾತ್ರ ಮೈಸೂರು ರಾಜ್ಯವನ್ನು ಸೇರಿತು. ಆದಕಾರಣ ನಮ್ಮ ಹಿರಿಯರು ಈ ದೊರೆಯ ಪ್ರಜೆಗಳಲ್ಲ. ಅವರ ಮೇಲೆ ನನಗೆ ವಂಶಪಾರಂಪರ್ಯದ ಭಕ್ತಿಯೂ ಇಲ್ಲ. ನನಗೆ ಅವರಲ್ಲಿ ಆಸಕ್ತಿ ಹುಟ್ಟಿದ್ದಕ್ಕೆ ಕಾರಣ ಬೇರೆ. ನಮ್ಮ ಕಡೆ ಎಲೆ ಎಂದರೆ ಇಸ್ಪೀಟು. ಇಸ್ಪೀಟು ಎಂದರೆ ಜೂಜು. ದೀಪಾವಳಿಯ ಹೊತ್ತಿಗೆ ಅಂದರ್-ಬಾಹರ್ ಕೂತರೆ ಎತ್ತು ಮಾರಿದ ಹಣ ಒಂದೇ ರಾತ್ರಿಯಲ್ಲಿ ಕರಗಿಹೋಗುವುದನ್ನು ನಮ್ಮ ಓಣಿಯವರು ಕಂಡಿದ್ದಾರೆ. ಓದುಬರಹ ಬಾರದ ನನ್ನ ತಂದೆಯವರು ನನ್ನನ್ನು ಕಾಲೇಜಿಗೆ ಕಳಿಸುವಾಗ ಹೇಳಿಕೊಟ್ಟ ಬುದ್ಧಿಮಾತುಗಳಲ್ಲಿ ಎಲೆ ಮುಟ್ಟಬಾರದೆಂಬುದೇ ಮೊದಲನೆಯದು. ಹೀಗಿರುವಾಗ ದೇವದೇವತೆಗಳ ಲಕ್ಷಣಗಳನ್ನು ಬರೆಸಿದ ಗ್ರಂಥದಲ್ಲಿಯೇ ಒಬ್ಬ ದೊರೆ ಎಲೆಯಾಟಕ್ಕೂ ಸ್ಥಾನ ಕೊಟ್ಟಿದ್ದಾನೆಂದು ತಿಳಿದಾಗ, ಅದು ಯಾವ ಬಗೆಯ ಆಟ, ಅದನ್ನು ಕಟ್ಟಿದವನು ಎಂಥ ಮನುಷ್ಯ ಎಂದು ತಿಳಿಯಬೇಕೆನಿಸಿತು. ತಿಳಿದಷ್ಟನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಕೃಷ್ಣರಾಜರು ಹುಟ್ಟಿದ್ದು ೧೭೯೪ರ ಜುಲೈ ೧೪ರಂದು, ಶ್ರೀರಂಗಪಟ್ಟಣದಲ್ಲಿ. ಆಗ ನಾಡನ್ನು ಆಳುತ್ತಿದ್ದವನು ಟಿಪ್ಪು ಸುಲ್ತಾನ. ಒಡೆಯರ ಮನೆತನ ಹೆಸರಿಗೆ ಮಾತ್ರ ಉಳಿದಿತ್ತು. ತಂದೆ ಚಾಮರಾಜ ಒಡೆಯರು ೧೭೯೬ರಲ್ಲಿ ತೀರಿಕೊಂಡರು. ಮಗುವಿಗೆ ಆಗ ಎರಡು ವರ್ಷ. ಈ ಮಗುವಿನ ಪಾಲಿಗೆ ಇದ್ದ ಬಲವೆಂದರೆ ಅಜ್ಜಿ ಲಕ್ಷ್ಮಮ್ಮಣ್ಣಿಯವರು. ೧೭೬೬ರಲ್ಲಿ ಪತಿ ಇಮ್ಮಡಿ ಕೃಷ್ಣರಾಜರನ್ನು ಕಳೆದುಕೊಂಡ ಈ ತಾಯಿ, ಹೈದರನ ಕಾಲದಿಂದಲೂ ತಿರುಮಲರಾಯ, ನಾರಾಯಣರಾಯ ಸಹೋದರರ ಮೂಲಕ ಇಂಗ್ಲಿಷರೊಂದಿಗೆ ಗುಟ್ಟಾಗಿ ಮಾತುಕತೆ ನಡೆಸುತ್ತ ಬಂದಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಅವರು ಕಾದರು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದನು. ಜೂನ್ ೩೦ರಂದು ಮೈಸೂರಿನಲ್ಲಿ ಐದು ವರ್ಷದ ಬಾಲಕನಿಗೆ ಪಟ್ಟವಾಯಿತು.

ಈ ಪಟ್ಟದ ಬೆಲೆಯೇನೆಂಬುದು ಮುಂದಿನ ಒಪ್ಪಂದದಲ್ಲಿತ್ತು. ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕಂಪನಿಗೆ ಪೊಗದಿಯಾಗಿ ಕೊಡಬೇಕು; ಈ ಹಣಕ್ಕೆ ಕುತ್ತು ಬರುವಂತೆ ಕಂಡರೆ ಕಂಪನಿ ಆಡಳಿತವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದು. ಐದು ವರ್ಷದ ಮಗುವಿಗೆ ಈ ಮಾತು ಅರ್ಥವಾಗುವಂತಿರಲಿಲ್ಲ. ಆದರೆ ಅದೇ ಷರತ್ತು ಮೂವತ್ತೆರಡು ವರ್ಷಗಳ ಬಳಿಕ ಮುಂದೆ ಬಂದು ನಿಂತಿತು.

ಬಾಲ್ಯದಲ್ಲಿ ದಿವಾನ್ ಪೂರ್ಣಯ್ಯನವರು ರಾಜ್ಯವನ್ನು ನಡೆಸಿದರು. ಅವರ ಆಡಳಿತ ಬಿಗಿಯಾಗಿತ್ತು, ಖಜಾನೆ ತುಂಬಿತ್ತು. ೧೮೧೦ರಲ್ಲಿ ಲಕ್ಷ್ಮಮ್ಮಣ್ಣಿಯವರು ತೀರಿಕೊಂಡರು. ೧೮೧೧ರಲ್ಲಿ ಪೂರ್ಣಯ್ಯನವರು ಅಧಿಕಾರವನ್ನು ಒಪ್ಪಿಸಿ ಮರುವರ್ಷವೇ ಕಾಲವಾದರು. ಹದಿನೇಳು ವರ್ಷದ ತರುಣ ದೊರೆಗೆ ಬುದ್ಧಿ ಹೇಳಬಲ್ಲ ಇಬ್ಬರು ಹಿರಿಯರೂ ಹೀಗೆ ಎರಡೇ ವರ್ಷದಲ್ಲಿ ಇಲ್ಲವಾದರು.

ಮುಂದಿನ ಇಪ್ಪತ್ತು ವರ್ಷಗಳ ಆಡಳಿತವನ್ನು ಹೊಗಳುವುದು ಕಷ್ಟ. ದೊರೆ ಉದಾರಿ, ವಿದ್ಯಾಪಕ್ಷಪಾತಿ, ಆದರೆ ಕೈಬಿಚ್ಚಿ ಖರ್ಚು ಮಾಡುವವರು. ಕೂಡಿಟ್ಟ ಹಣ ಕರಗಿತು, ಸಾಲ ಬೆಳೆಯಿತು. ಶರತ್ತು ಪದ್ಧತಿಯಂತೆ ಅಮಲ್ದಾರರು ಇಷ್ಟು ಕಂದಾಯ ತಂದೇ ತರುವೆವೆಂದು ಒಪ್ಪಿಕೊಂಡು, ಅದನ್ನು ರೈತನಿಂದ ಹಿಂಡಿ ತೆಗೆದರು. ಧಾನ್ಯದ ಬೆಲೆ ಇಳಿದಿದ್ದ ಕಾಲ. ರೈತನ ಗೋಳು ಕೇಳುವವರಿರಲಿಲ್ಲ. ೧೮೩೦ರಲ್ಲಿ ನಗರ ಸೀಮೆಯ ರೈತರು ಎದ್ದುನಿಂತರು. ಬೂದಿ ಬಸವಪ್ಪನೆಂಬವನು ನಗರದ ಅರಸೊತ್ತಿಗೆಗೆ ಹಕ್ಕು ಹೂಡಿ ಮುಂದಾಳಾದನು. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ಸೇರಿಕೊಂಡನು. ಕಂಪನಿಯ ಸೈನ್ಯದ ನೆರವಿನಿಂದ ದಂಗೆ ಅಡಗಿತು. ಆದರೆ ೧೮೩೧ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು ಹಳೆಯ ಷರತ್ತನ್ನು ಮುಂದೊಡ್ಡಿ ಆಡಳಿತವನ್ನು ದೊರೆಯ ಕೈಯಿಂದ ತೆಗೆದುಕೊಂಡನು.

ಈ ನಿರ್ಧಾರದ ಬಗ್ಗೆ ಬೆಂಟಿಂಕನಿಗೇ ಮುಂದೆ ಸಂಶಯ ಹುಟ್ಟಿತು. ೧೮೩೪ರಲ್ಲಿ ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸಬೇಕೆಂದು ಅವನು ಲಂಡನ್ನಿಗೆ ಬರೆದನು, ಅದು ನಡೆಯಲಿಲ್ಲ. ಅದೇ ೧೮೩೪ರಿಂದ ೧೮೬೧ರವರೆಗೆ ಮಾರ್ಕ್ ಕಬ್ಬನ್ ಕಮಿಷನರಾಗಿ ಬೆಂಗಳೂರಿನಿಂದ ಆಳಿದನು. ದೊರೆಗೆ ಉಳಿದದ್ದು ಮೈಸೂರಿನ ಅರಮನೆ, ವರ್ಷಕ್ಕೆ ಒಂದು ಲಕ್ಷ ವರಹ, ಉಳಿಕೆ ಕಂದಾಯದಲ್ಲಿ ಐದನೆಯ ಒಂದು ಪಾಲು, ದಸರೆಯ ದರ್ಬಾರು, ಮತ್ತು ಕಾಲ. ಅವರಿಗೆ ಆಗ ಮೂವತ್ತೇಳು ವರ್ಷ ವಯಸ್ಸು.

ಆ ಕಾಲವನ್ನು ಅವರು ಏನು ಮಾಡಿದರೆಂಬುದೇ ನನ್ನ ಲೇಖನದ ಮುಖ್ಯ ವಿಷಯ. ೧೮೩೩ರಲ್ಲಿ ಮೈಸೂರಿನಲ್ಲಿ ರಾಜಾ ಫ್ರೀ ಸ್ಕೂಲ್ ಹುಟ್ಟಿತು. ಅದೇ ಬೆಳೆದು ಮುಂದೆ ಮಹಾರಾಜಾ ಕಾಲೇಜಾಯಿತು. ಚಿತ್ರಕಾರರಿಗೂ ಕವಿಗಳಿಗೂ ಸಂಗೀತಗಾರರಿಗೂ ಅರಮನೆ ಆಶ್ರಯವಾಯಿತು. ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥ ಸಿದ್ಧವಾಯಿತು. ಅದರಲ್ಲಿ ಒಂಬತ್ತು ನಿಧಿಗಳು: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೊನೆಯದು ಕೌತುಕ. ಈ ಕೌತುಕನಿಧಿಯಲ್ಲಿಯೇ ಛದದ ಆಟಗಳ ವಿವರಣೆ ಬರುತ್ತದೆ. ಛದ ಎಂದರೆ ಸಂಸ್ಕೃತದಲ್ಲಿ ಎಲೆ. ನಾವು ಇಸ್ಪೀಟಿನ ಎಲೆ ಎನ್ನುವಂತೆಯೇ ಇದೂ.

ಚದುರಂಗದಲ್ಲಿಯೂ ಅವರಿಗೆ ಇಷ್ಟೇ ಆಸಕ್ತಿ. ಕುದುರೆಯನ್ನು ಅದರ ನಡೆಯಲ್ಲಿಯೇ ನಡೆಸಿ ಪ್ರತಿಮನೆಯನ್ನೂ ಒಂದೇ ಒಂದು ಸಲ ಮುಟ್ಟಿಸುವ ಲೆಕ್ಕವನ್ನು ಅವರು ಬಗೆಬಗೆಯಾಗಿ ಬಿಡಿಸಿದರು. ಹನ್ನೆರಡು ಸಾಲುಗಳ, ಸಾಲಿಗೆ ಹನ್ನೆರಡು ಮನೆಗಳ ಹಾಸಿನ ಮೇಲೂ ಅದನ್ನು ಸಾಧಿಸಿದರು. ಅದರಲ್ಲಿ ಕುದುರೆ ಮುಟ್ಟಿದ ಕ್ರಮದಂತೆ ೧ರಿಂದ ೧೪೪ರವರೆಗೆ ಅಂಕಿ ಬರೆದರೆ, ಪ್ರತಿಯೊಂದು ಸಾಲಿನ ಮೊತ್ತವೂ ೮೭೦ ಬರುತ್ತದೆ. ಇದು ಹೊತ್ತು ಕಳೆಯುವವನ ಕೆಲಸವಲ್ಲ, ಗಣಿತಜ್ಞನ ಕೆಲಸ.

ಈಗ ಎಲೆಯ ವಿಷಯಕ್ಕೆ ಬರೋಣ. ಮೊಗಲರು ಈ ಆಟವನ್ನು ಗಂಜೀಫಾ ಎಂದು ಕರೆದರು. ಬಾಬರನು ೧೫೨೭ರಲ್ಲಿ ಸಿಂಧದ ಷಾ ಹುಸೇನನಿಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟ ಸಂಗತಿ ಅವನ ಆತ್ಮಚರಿತ್ರೆಯಲ್ಲಿದೆ. ಮೊಗಲ ಗಂಜೀಫಾದಲ್ಲಿ ಎಂಟು ಬಣ್ಣ, ಬಣ್ಣಕ್ಕೆ ಹನ್ನೆರಡು ಎಲೆ, ಒಟ್ಟು ೯೬. ನಮ್ಮವರು ಇದನ್ನು ದಶಾವತಾರಕ್ಕೆ ಹೊಂದಿಸಿಕೊಂಡರು: ಹತ್ತು ಅವತಾರಗಳು ಹತ್ತು ಬಣ್ಣಗಳಾಗಿ, ಒಟ್ಟು ೧೨೦ ದುಂಡನೆಯ ಎಲೆಗಳು. ಪ್ರತಿಯೊಂದು ಬಣ್ಣದಲ್ಲಿಯೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಅಂಕಿಯ ಎಲೆಗಳು. ಮೂವರು ಆಡಿದರೆ ಒಬ್ಬೊಬ್ಬರಿಗೆ ನಲವತ್ತು ಎಲೆ.

ಈ ಆಟದಲ್ಲಿ ಕೈಗೆ ಬಂದ ಎಲೆಗಳ ಬಲವನ್ನು ಅಳೆಯುವುದು ಸುಲಭವಲ್ಲ. ಇಸ್ಪೀಟಿನಲ್ಲಿ ರಾಜನಿಗಿಂತ ಎಕ್ಕ ಮೇಲು, ಹತ್ತಕ್ಕಿಂತ ಗುಲಾಮ ಮೇಲು ಎಂಬ ಕ್ರಮ ನಾಲ್ಕು ಬಣ್ಣಕ್ಕೂ ಒಂದೇ. ಗಂಜೀಫಾದಲ್ಲಿ ಹಾಗಲ್ಲ. ಎಲ್ಲ ಬಣ್ಣಗಳಲ್ಲಿಯೂ ರಾಜ ಮೊದಲು, ಮಂತ್ರಿ ಎರಡನೆಯವನು, ಇಲ್ಲಿಯವರೆಗೆ ಸರಿ. ಆಮೇಲೆ ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಒಂದು ಎಲ್ಲಕ್ಕಿಂತ ಚಿಕ್ಕದು. ಉಳಿದ ಅರ್ಧದಲ್ಲಿ ಇದು ತಲೆಕೆಳಗು: ಒಂದು ದೊಡ್ಡದು, ಹತ್ತು ಚಿಕ್ಕದು. ಒಂದು ಬಣ್ಣದಲ್ಲಿ ಆಸ್ತಿಯಾಗಿರುವ ಅಂಕಿ ಇನ್ನೊಂದು ಬಣ್ಣದಲ್ಲಿ ಕಸವಾಗುತ್ತದೆ. ಅದೂ ಸಾಲದೆಂಬಂತೆ, ಹಗಲಿನಲ್ಲಿ ಆಡಿದರೆ ರಾಮನ ರಾಜ ಇರುವವನು ಆಟ ಆರಂಭಿಸಬೇಕು, ರಾತ್ರಿಯಲ್ಲಿ ಆಡಿದರೆ ಕೃಷ್ಣನ ರಾಜ ಇರುವವನು. ಅದೇ ಎಲೆ, ಅದೇ ಕೈ. ಹೊತ್ತು ಮುಳುಗಿದರೆ ಅದರ ಯೋಗ್ಯತೆ ಬೇರೆ.

ಇನ್ನೂ ಮುಖ್ಯವಾದ ಮಾತೊಂದಿದೆ. ಈ ಆಟದಲ್ಲಿ ತುರುಪು ಇಲ್ಲ. ಒಂದು ಬಣ್ಣದ ರಾಜನೂ ಮಂತ್ರಿಯೂ ಬಿದ್ದುಹೋದ ಮೇಲೆ ಆ ಬಣ್ಣದಲ್ಲಿ ಅದರ ಕೆಳಗಿನ ಎಲೆಯೇ ಅರಸು. ಹೀಗೆ ಮೇಲಿನವೆಲ್ಲ ಒಂದೊಂದಾಗಿ ಹೋದರೆ, ಆರಂಭದಲ್ಲಿ ಯಾರೂ ಲೆಕ್ಕಕ್ಕಿಡದ ಐದೋ ಆರೋ ಕೊನೆಗೆ ಗೆಲ್ಲುವ ಎಲೆಯಾಗುತ್ತದೆ. ಆದರೆ ಅದು ಗೆಲ್ಲುವ ಎಲೆಯಾಗಿದೆ ಎಂಬುದು ಎಲೆಯ ಮೇಲೆ ಬರೆದಿರುವುದಿಲ್ಲ. ಯಾವ ಯಾವ ಎಲೆ ಹೋಗಿದೆ, ಯಾವುದು ಇನ್ನೂ ಎದುರಾಳಿಯ ಕೈಯಲ್ಲಿದೆ ಎಂಬುದನ್ನು ನೆನಪಿಟ್ಟವನಿಗೆ ಮಾತ್ರ ಅದು ತಿಳಿಯುತ್ತದೆ. ನೆನಪಿಲ್ಲದವನು ಗೆಲ್ಲುವ ಎಲೆಯನ್ನೇ ಕಸವೆಂದು ಎಸೆದುಬಿಡುತ್ತಾನೆ. ನಮ್ಮೂರಿನ ಈರಮ್ಮನವರು ಅಕ್ಷರ ಕಲಿಯದೆಯೇ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಿಂದಲೇ ರಾತ್ರಿಯಿಡೀ ಹಾಡುತ್ತಿದ್ದರು. ಅವರಂಥವರು ಈ ಆಟಕ್ಕೆ ಕೂತಿದ್ದರೆ ಸೋಲಿಸುವುದು ಕಷ್ಟವಾಗುತ್ತಿತ್ತೆಂದು ನನಗೆ ಅನ್ನಿಸುವುದುಂಟು.

ಮುಮ್ಮಡಿಯವರು ಈ ಆಟವನ್ನು ಇದ್ದಂತೆ ಬಿಡಲಿಲ್ಲ. ಹತ್ತಕ್ಕೂ ಹೆಚ್ಚು ಬಗೆಯ ಛದಗಳನ್ನು ರೂಪಿಸಿದರು. ಚಾಮುಂಡೇಶ್ವರಿ ಛದದಲ್ಲಿ ಹದಿನಾರು ಬಣ್ಣ, ಬಣ್ಣಕ್ಕೆ ಇಪ್ಪತ್ತು ಎಲೆ, ಒಟ್ಟು ೩೨೦. ತಮ್ಮ ಹೆಸರಿನ ಕೃಷ್ಣರಾಜ ಛದವನ್ನು ನಾಲ್ಕು ಬಣ್ಣಗಳ ಚಿಕ್ಕ ಆಟವಾಗಿ ಇಟ್ಟರು. ಬೇರೆಡೆ ರಾಜ, ಮಂತ್ರಿ ಎಂಬ ಎರಡೇ ಚಿತ್ರದ ಎಲೆಗಳಿದ್ದರೆ, ಮೈಸೂರಿನ ಛದಗಳಲ್ಲಿ ಬಣ್ಣವೊಂದಕ್ಕೆ ಆರರವರೆಗೂ ಚಿತ್ರದ ಎಲೆಗಳುಂಟು. ದೇವತೆಗಳು, ಗ್ರಹಗಳು, ಪುರಾಣದ ವೀರರು ಎಲೆಗಳ ಮೇಲೆ ಬಂದು ಕುಳಿತರು. ೧೮೬೧ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟಗಳ ಚಿತ್ರಗಳನ್ನು ಬರೆಸಿದರು.

ಇದನ್ನು ಕೇಳಿ, ರಾಜ್ಯ ಕಳೆದುಕೊಂಡವನು ಎಲೆಯಾಡುತ್ತ ಕುಳಿತನೆಂದು ನಗುವವರಿದ್ದಾರೆ. ನಾನು ಅವರ ಮಾತನ್ನು ಪೂರ್ತಿ ಒಪ್ಪಲಾರೆ. ಅರಮನೆಯಲ್ಲಿ ಛದದ ಎಲೆಗಳು ಓಡಾಡುತ್ತಿದ್ದ ಅದೇ ವರ್ಷಗಳಲ್ಲಿ ಹೊರಗೆ ಬೇರೊಂದು ಆಟ ನಡೆಯುತ್ತಿತ್ತು, ಅದರಲ್ಲಿ ದೇಶೀಯ ರಾಜ್ಯಗಳೇ ಒಂದೊಂದಾಗಿ ಬೀಳುತ್ತಿದ್ದವು. ೧೮೩೪ರಲ್ಲಿ ನೆರೆಯ ಕೊಡಗು ಹೋಯಿತು. ಡಾಲ್‌ಹೌಸಿಯ ಕಾಲದಲ್ಲಿ, ದತ್ತುಮಗನಿಗೆ ರಾಜ್ಯವಿಲ್ಲವೆಂಬ ನೀತಿಯಿಂದ ೧೮೪೮ರಲ್ಲಿ ಸಾತಾರಾ, ೧೮೫೪ರ ಹೊತ್ತಿಗೆ ಝಾನ್ಸಿ, ನಾಗಪುರ ಹೋದವು. ಮುಮ್ಮಡಿಯವರಿಗೆ ಪಟ್ಟಕ್ಕೆ ಬರತಕ್ಕ ಗಂಡುಮಗನಿರಲಿಲ್ಲ. ಅವರ ಬಳಿಕ ಮೈಸೂರು ಕಂಪನಿಯದೇ ಎಂದು ಅನೇಕ ಅಧಿಕಾರಿಗಳು ಲೆಕ್ಕ ಹಾಕಿಬಿಟ್ಟಿದ್ದರು. ವಯಸ್ಸಾದ ದೊರೆ ಕಣ್ಣು ಮುಚ್ಚಲೆಂದು ಕಾಯುವುದಷ್ಟೇ ಅವರಿಗೆ ಉಳಿದಿದ್ದ ಕೆಲಸ.

ಅವರ ಕೈಯಲ್ಲಿದ್ದುದೇನು? ಸೈನ್ಯವಿಲ್ಲ, ಖಜಾನೆಯಿಲ್ಲ, ದಿವಾನರಿಲ್ಲ. ೧೭೯೯ರ ಒಪ್ಪಂದದ ಕಾಗದವೊಂದಿತ್ತು. ಕಾನೂನಿನಂತೆ ತಾವೇ ಮೈಸೂರಿನ ಅರಸರೆಂಬ ಹೆಸರೊಂದಿತ್ತು. ಇವು ಚಿಕ್ಕ ಎಲೆಗಳು. ಆದರೆ ಇವುಗಳನ್ನು ಅವರು ಎಸೆಯಲಿಲ್ಲ. ೧೮೫೭ರ ದಂಗೆಯಲ್ಲಿ ಅವರು ಇಂಗ್ಲಿಷರ ಪಕ್ಷದಲ್ಲಿ ನಿಂತರು. ಇಂದು ಸ್ವತಂತ್ರ ದೇಶದ ಪ್ರಜೆಗಳಾದ ನಮಗೆ ಈ ಸಂಗತಿ ಹಿತವೆನಿಸದಿರಬಹುದು. ಆದರೂ ಚರಿತ್ರೆಯನ್ನು ನಮಗೆ ಬೇಕಾದಂತೆ ತಿದ್ದುವುದು ಸಲ್ಲದು. ದಂಗೆಯ ಬಳಿಕ ಇಂಗ್ಲಿಷರ ನೀತಿಯೇ ಬದಲಾಯಿತು. ದತ್ತುಸ್ವೀಕಾರಕ್ಕೆ ಅಡ್ಡಿಮಾಡುವ ಹಳೆಯ ಹಟ ಸಡಿಲವಾಯಿತು. ಡಾಲ್‌ಹೌಸಿಯ ಕಾಲದಲ್ಲಿ ಬೆಲೆಯಿಲ್ಲದಿದ್ದ ಎಲೆಗೆ ಈಗ ಬೆಲೆ ಬಂದಿತ್ತು. ಮುಮ್ಮಡಿಯವರು ಅದನ್ನು ಗುರುತಿಸಿದರು.

೧೮೬೦ರಲ್ಲಿ ಮೈಸೂರನ್ನು ಮದರಾಸು ಸರ್ಕಾರಕ್ಕೆ ಒಪ್ಪಿಸುವ ಆಜ್ಞೆ ಬಂದಾಗ ಅವರು ಪ್ರತಿಭಟಿಸಿದರು, ಕಬ್ಬನ್ನನೂ ಅದಕ್ಕೆ ವಿರುದ್ಧವಾಗಿದ್ದನು, ಆಜ್ಞೆ ರದ್ದಾಯಿತು. ೧೮೬೧ರಲ್ಲಿ ರಾಜ್ಯವನ್ನು ಹಿಂದಿರುಗಿಸಬೇಕೆಂದು ಕ್ಯಾನಿಂಗನಿಗೆ ಬರೆದರು. ಉತ್ತರ ಇಲ್ಲವೆಂದೇ ಬಂತು. ಮತ್ತೆ ಬರೆದರು. ಲಂಡನ್ನಿನಲ್ಲಿಯೂ ಅವರ ಪರವಾಗಿ ವಾದಿಸುವವರು ಹುಟ್ಟಿಕೊಂಡರು. ೧೮೬೫ರಲ್ಲಿ ಇವಾನ್ಸ್ ಬೆಲ್ ಎಂಬ ಮೇಜರನು ಮೈಸೂರಿನ ಹಕ್ಕಿನ ಬಗ್ಗೆ ಒಂದು ಪುಸ್ತಕವನ್ನೇ ಬರೆದನು. ಅದೇ ವರ್ಷದ ಜೂನಿನಲ್ಲಿ, ಮೇಲಿನವರ ಒಪ್ಪಿಗೆಗೆ ಕಾಯದೆ, ಎಪ್ಪತ್ತು ದಾಟಿದ ದೊರೆ ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ತಾವೂ ಎರಡು ವರ್ಷದವರಿದ್ದಾಗಲೇ ತಂದೆಯನ್ನು ಕಳೆದುಕೊಂಡವರೆಂಬುದನ್ನು ಇಲ್ಲಿ ನೆನೆಯಬಹುದು. ೧೮೬೭ರ ಏಪ್ರಿಲಿನಲ್ಲಿ ಬ್ರಿಟಿಷ್ ಸರ್ಕಾರ ದತ್ತುಮಗನ ಹಕ್ಕನ್ನು ಒಪ್ಪಿಕೊಂಡಿತು. ವರ್ಷ ತುಂಬುವ ಮೊದಲೇ, ೧೮೬೮ರ ಮಾರ್ಚ್ ೨೭ರಂದು ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ರಾಜ್ಯ ಒಡೆಯರ ಮನೆತನಕ್ಕೆ ಹಿಂದಿರುಗಿದ್ದು ೧೮೮೧ರ ಮಾರ್ಚ್ ೨೫ರಂದು, ಅವರು ಹೋಗಿ ಹದಿಮೂರು ವರ್ಷಗಳ ಮೇಲೆ.

ಎಲೆಯಾಟ ಅವರಿಗೆ ರಾಜನೀತಿಯನ್ನು ಕಲಿಸಿತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರವಿಲ್ಲ. ಆದರೆ ಆ ಆಟಗಳನ್ನು ಕಟ್ಟಿದ ಬುದ್ಧಿಯೂ ಆ ಅರ್ಜಿಗಳನ್ನು ಬರೆಸಿದ ಬುದ್ಧಿಯೂ ಒಂದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಕೈಯ ಬಲ ಕೈಯಲ್ಲಿ ಮಾತ್ರ ಇರುವುದಿಲ್ಲ. ಬಿದ್ದುಹೋದ ಎಲೆಗಳಲ್ಲಿ, ಎದುರಾಳಿಯ ಎಲೆಗಳಲ್ಲಿ, ಹೊತ್ತಿನಲ್ಲಿ ಇರುತ್ತದೆ. ಇದು ಛದಕ್ಕೆ ಮಾತ್ರ ಸಲ್ಲುವ ಮಾತಲ್ಲ. ಇಂದು ಲೋಕವೆಲ್ಲ ಆಡುವ ಪೋಕರ್ ಆಟವನ್ನೇ ನೋಡಿ. ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ಎಲ್ಲರಿಗೂ ಸೇರಿದ ಐದು ಎಲೆ ನಡುವೆ. ಕೈಗೆ ಎರಡು ಎಕ್ಕ ಬರುವುದೇ ಎಲ್ಲಕ್ಕಿಂತ ದೊಡ್ಡ ಭಾಗ್ಯ. ಅದು ಬರುವುದು ಸರಾಸರಿ ೨೨೧ ಸಲಕ್ಕೆ ಒಮ್ಮೆ. ಆದರೆ ನಡುವೆ ನಾಲ್ಕು ಆಟೀನು ಬಿದ್ದವೆನ್ನಿ. ಆಟೀನಿನ ಎಕ್ಕ ತನ್ನಲ್ಲಿಲ್ಲದವನ ಆ ಜೋಡಿ, ಒಂದೇ ಒಂದು ಚಿಕ್ಕ ಆಟೀನು ಹಿಡಿದವನ ಮುಂದೆಯೂ ಸೋಲುತ್ತದೆ. ಮೊದಲು ಬಂದ ಭಾಗ್ಯವನ್ನೇ ನಂಬಿ ಹಣದ ಮೇಲೆ ಹಣ ಕಟ್ಟುವವನು ಮುಳುಗುವುದು ಇಲ್ಲಿಯೇ.

ಇನ್ನು ಜೂಜಿನ ಮಾತು. ಅಂದರ್-ಬಾಹರಿನಲ್ಲಿ ಆಡುವವನ ಕೈಯಲ್ಲಿ ಎಲೆಯೇ ಇರುವುದಿಲ್ಲ. ನೆನಪಿಗೂ ವಿವೇಚನೆಗೂ ಅಲ್ಲಿ ಕೆಲಸವಿಲ್ಲ. ಇರುವುದು ಹಣ ಮಾತ್ರ. ಮೊಬೈಲು ಫೋನುಗಳು ಬಂದ ಮೇಲೆ ದೀಪಾವಳಿಯವರೆಗೆ ಕಾಯುವ ಅಗತ್ಯವೂ ಉಳಿಯಲಿಲ್ಲ. ೨೦೨೫ರಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಕಾಯಿದೆ ಬೇಕು, ಆದರೆ ಆಟಕ್ಕೂ ಜೂಜಿಗೂ ಇರುವ ಅಂತರವನ್ನು ನಾವೇ ತಿಳಿಯದಿದ್ದರೆ ಕಾಯಿದೆ ಎಷ್ಟು ತಾನೇ ಕಾಯಬಲ್ಲದು? ನನ್ನ ತಂದೆಯವರ ಮಾತು ಜೂಜಿನ ವಿಷಯದಲ್ಲಿ ಸರಿಯಾದದ್ದೇ. ಛದದ ಎಲೆಗಳನ್ನು ಅವರು ಕಂಡಿದ್ದರೆ ಅವುಗಳ ಮೇಲೆ ಆ ಮಾತು ಹೇಳುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಮುಮ್ಮಡಿಯವರನ್ನು ನಾನು ಆದರ್ಶಪುರುಷರೆಂದು ಕರೆಯಲಾರೆ. ಅವರ ಯೌವನದ ದುಂದಿಗೆ ಬೆಲೆ ತೆತ್ತವರು ನಗರ ಸೀಮೆಯ ರೈತರು. ರೈತನ ಮಗನಾಗಿ ನಾನು ಅದನ್ನು ಮರೆಯುವಂತಿಲ್ಲ. ತುಂಬಿದ ಕೈ ಬಂದಾಗ ಅವರು ಅದನ್ನು ಚೆನ್ನಾಗಿ ಆಡಲಿಲ್ಲ. ಬರಿಗೈ ಉಳಿದಾಗ ಆಡಿದ ರೀತಿ ಮಾತ್ರ ಬೇರೆ. ನಮ್ಮ ತರಗತಿಯಲ್ಲಿ ನನ್ನಂತೆ ಮನೆತನದಲ್ಲಿಯೇ ಮೊದಲ ಬಾರಿಗೆ ಪದವಿಯ ಬಾಗಿಲಿಗೆ ಬಂದವರು ಅನೇಕರಿದ್ದಾರೆ. ನಮಗೆ ಹಂಚಿಬಂದ ಎಲೆಗಳು ಚಿಕ್ಕವೆಂದು ಕೊರಗುವವರೂ ನಮ್ಮಲ್ಲಿದ್ದಾರೆ. ಅವು ಚಿಕ್ಕವೋ ದೊಡ್ಡವೋ ಎಂಬುದು ಅವುಗಳನ್ನು ನೋಡಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ. ಹೊರಗೆ ಯಾವ ಎಲೆ ಬಿದ್ದಿದೆ, ಯಾವುದು ಉಳಿದಿದೆ ಎಂದು ನೆನಪಿಟ್ಟು, ಕೊನೆಯ ಸುತ್ತಿನವರೆಗೆ ಕೂರಬೇಕು.